ಹತ್ತು ಲಕ್ಷ ರೂಟ್, ಕಿತ್ತ ಒಂದು ಕೇಬಲ್: ನಾಲ್ಕು ರೂಟರ್ ಪಕ್ಕಪಕ್ಕ ಇಟ್ಟು ನೋಡಿದಾಗ

"ಫುಲ್ ಟೇಬಲ್ ಹಿಡಿಸುತ್ತಾ?" ರೂಟರ್ ಕೊಳ್ಳಲು ಹೊರಟವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಇದು. ಫುಲ್ ಟೇಬಲ್ ಅಂದರೆ ಇಡೀ ಇಂಟರ್‌ನೆಟ್‌ನ ದಾರಿಗಳ ಪಟ್ಟಿ. ಮಾರುವವರೂ ಅಷ್ಟೇ ಸಲೀಸಾಗಿ "ಹಿಡಿಸುತ್ತೆ ಸರ್, ಯೋಚನೆನೇ ಬೇಡ" ಅನ್ನುತ್ತಾರೆ. ಮೂರು ವಾರ ನಾಲ್ಕು ಪೆಟ್ಟಿಗೆಗಳ ಜೊತೆ ಗುದ್ದಾಡಿದ ಮೇಲೆ ನನಗೆ ಆ ಪ್ರಶ್ನೆಯ ಮೇಲೇ ನಂಬಿಕೆ ಹೋಗಿದೆ. ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಎರಡು ಅಪ್‌ಸ್ಟ್ರೀಮ್ (ನಮ್ಮನ್ನು ಇಂಟರ್‌ನೆಟ್‌ಗೆ ಜೋಡಿಸುವ ಕಂಪನಿಗಳ ಸಂಪರ್ಕ) ಹಚ್ಚಿ, ಟೇಬಲ್ ಪೂರ್ತಿ ತುಂಬುವವರೆಗೆ ಕಾಯಿರಿ, ಆಮೇಲೆ ಒಂದರ ಕೇಬಲ್ ಕಿತ್ತು ಗಡಿಯಾರ ನೋಡಿ.

ನಮ್ಮದು ಸ್ವಂತ ಎಎಸ್ ನಂಬರ್ (ಇಂಟರ್‌ನೆಟ್‌ನಲ್ಲಿ ಒಂದು ಜಾಲದ ಗುರುತಿನ ಸಂಖ್ಯೆ) ಇರುವ, ಆದರೆ ದೊಡ್ಡದೇನೂ ಅಲ್ಲದ ಜಾಲ. ಎರಡು ಅಪ್‌ಸ್ಟ್ರೀಮ್, ಎರಡರಿಂದಲೂ ಪೂರ್ತಿ ಟೇಬಲ್. ಇಂದಿನ ಲೆಕ್ಕದಲ್ಲಿ ಪೂರ್ತಿ ಟೇಬಲ್ ಅಂದರೆ ಹಳೆಯ ಅಡ್ರೆಸ್ ಪದ್ಧತಿ ಐಪಿವಿ4ರಲ್ಲಿ ಸುಮಾರು 10 ಲಕ್ಷ ಪ್ರಿಫಿಕ್ಸ್ (ಅಡ್ರೆಸ್‌ಗಳ ಗುಂಪು, ಒಂದೊಂದಕ್ಕೆ ಒಂದೊಂದು ರೂಟ್), ಹೊಸದಾದ ಐಪಿವಿ6ರಲ್ಲಿ 2 ಲಕ್ಷಕ್ಕೂ ಹೆಚ್ಚು. ಟ್ರಾಫಿಕ್ ಹತ್ತು ಗಿಗಾಬಿಟ್‌ನ ಒಂದೆರಡು ಲಿಂಕ್‌ಗಳಷ್ಟು. ಈ ಅಳತೆಯೇ ಒಂದು ಪೀಡೆ. ಟ್ರಾಫಿಕ್ ನೋಡಿದರೆ ಸಣ್ಣ ಪೆಟ್ಟಿಗೆ ಸಾಕು, ಟೇಬಲ್ ನೋಡಿದರೆ ದೊಡ್ಡದೇ ಬೇಕು.

ಹೋಲಿಕೆಗೆ ಮೊದಲು ಎರಡು ಪದ ಬಿಡಿಸಿಡಬೇಕು. ಜಾಲಗಳು ತಮ್ಮ ದಾರಿಗಳನ್ನು ಒಂದಕ್ಕೊಂದು ಹೇಳಿಕೊಳ್ಳುವ ಭಾಷೆ ಬಿಜಿಪಿ; ಅದು ಕಲಿತದ್ದನ್ನೆಲ್ಲ ಇಟ್ಟುಕೊಳ್ಳುವ ಜಾಗ ರಿಬ್. ಅದರಲ್ಲಿ ಆರಿಸಿದ ದಾರಿಯನ್ನು ಪ್ಯಾಕೆಟ್ ದಾಟಿಸುವ ಭಾಗಕ್ಕೆ ಬರೆದುಕೊಡುವ ಪಟ್ಟಿ ಫಿಬ್. ರಿಬ್ ಇರುವುದು ಸಾಮಾನ್ಯ ಮೆಮೊರಿಯಲ್ಲಿ. ಎರಡು ಫೀಡ್ ಬಂದರೆ ಎರಡೂ ಪ್ರತಿ ಅಲ್ಲಿ ಕೂರುತ್ತವೆ, ಅದಕ್ಕೆ ಕೆಲವು ಜಿಬಿ ಇದ್ದರೆ ಮುಗಿಯಿತು. ಫಿಬ್ ಎಲ್ಲಿದೆ ಅನ್ನುವುದರ ಮೇಲೆ ಪೆಟ್ಟಿಗೆಯ ಜಾತಕ ನಿಂತಿರುತ್ತದೆ. ಟಿಕ್ಯಾಮ್ ಎಂಬ ವಿಶೇಷ ಚಿಪ್‌ನಲ್ಲಿದ್ದರೆ ಹುಡುಕಾಟ ಮಿಂಚಿನ ವೇಗ, ಆದರೆ ಜಾಗ ಇದ್ದಷ್ಟೇ. ಸಾಮಾನ್ಯ ಮೆಮೊರಿಯಲ್ಲಿದ್ದರೆ ಜಾಗ ಧಾರಾಳ, ಹುಡುಕಾಟದ ಭಾರ ಸಿಪಿಯು ಹೆಗಲಿಗೆ.

ಪರೀಕ್ಷೆಗೆ ಕೃತಕ ರೂಟ್‌ಗಳನ್ನು ಹುಟ್ಟಿಸಿ ತುಂಬುವುದು ಸುಲಭ, ಆದರೆ ಅದು ಮೋಸದ ಪರೀಕ್ಷೆ. ಸಾಲಾಗಿ ಹುಟ್ಟಿಸಿದ 10 ಲಕ್ಷ /24 (256 ಅಡ್ರೆಸ್‌ನ ಪ್ರಿಫಿಕ್ಸ್; ಗೆರೆಯ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಗುಂಪು ದೊಡ್ಡದು) ಒಂದು ಥರ, ನಿಜವಾದ ಇಂಟರ್‌ನೆಟ್‌ನ ಟೇಬಲ್ ಇನ್ನೊಂದು ಥರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು /24 ಇದ್ದರೂ ಉಳಿದವು /8ರಿಂದ /23ರವರೆಗೆ ಹರಡಿವೆ, ಎಎಸ್ ಪಾತ್‌ಗಳ (ದಾರಿಯಲ್ಲಿ ದಾಟುವ ಜಾಲಗಳ ಸರಣಿ) ಉದ್ದ ಬೇರೆಬೇರೆ, ಕಮ್ಯುನಿಟಿಗಳ (ರೂಟ್‌ಗೆ ಅಂಟಿಸಿದ ಚೀಟಿಗಳು) ರಾಶಿ ಬೇರೆ. ಹಾಗಾಗಿ ನಿಜವಾದ ಟೇಬಲ್‌ಗಳನ್ನು ಸಂಗ್ರಹಿಸುವ ರೂಟ್‌ವ್ಯೂಸ್‌ನವರು ಎಲ್ಲರಿಗೂ ಬಿಟ್ಟಿರುವ ಎಂಆರ್‌ಟಿ ಫೈಲ್ (ಟೇಬಲ್‌ನ ನಕಲು) ಇಳಿಸಿಕೊಂಡು, ಗೋಬಿಜಿಪಿ ಎಂಬ ಸಾಫ್ಟ್‌ವೇರ್ ಮೂಲಕ ಎರಡು ಯಂತ್ರಗಳಿಂದ ಊಡಿಸಿದೆ. ಒಂದಕ್ಕೆ ಲೋಕಲ್ ಪ್ರಿಫರೆನ್ಸ್ ಹೆಚ್ಚು ಕೊಟ್ಟೆ, ಟ್ರಾಫಿಕ್ ಎಲ್ಲ ಅತ್ತ ಹೋಗಲಿ ಎಂದು. ಟೇಬಲ್‌ನ ಉದ್ದಕ್ಕೂ ಚದುರಿದ ಹತ್ತು ಗುರಿಗಳನ್ನು ಆರಿಸಿ, ಒಂದೊಂದಕ್ಕೂ ಟ್ರೆಕ್ಸ್ ಎಂಬ ಪ್ಯಾಕೆಟ್ ಹುಟ್ಟಿಸುವ ಸಾಫ್ಟ್‌ವೇರ್‌ನಿಂದ ಸೆಕೆಂಡಿಗೆ 1000 ಪ್ಯಾಕೆಟ್ ಬಿಟ್ಟೆ. ಹೀಗೆ ಮಾಡಿದರೆ ಲೆಕ್ಕ ಬಲು ಸಲೀಸು: ಕಳೆದುಹೋದ ಒಂದೊಂದು ಪ್ಯಾಕೆಟ್ ಒಂದೊಂದು ಮಿಲಿಸೆಕೆಂಡ್.

ಹತ್ತು ಗುರಿ ಯಾಕೆ, ಒಂದು ಸಾಲದೆ? ನನ್ನ ಜೊತೆಗಿದ್ದ ಹುಡುಗ ಇದನ್ನೇ ಕೇಳಿದ. ಉತ್ತರ ಮೊದಲ ಪೆಟ್ಟಿಗೆಯಲ್ಲೇ ಸಿಕ್ಕಿತು.

ಹಳೆಯ ದೊಡ್ಡ ಪೆಟ್ಟಿಗೆ

ಮೊದಲ ಅಭ್ಯರ್ಥಿ ಬಳಸಿ ಬಿಟ್ಟ ಸರಕು. ಒಂದು ಕಾಲಕ್ಕೆ ದೊಡ್ಡ ಜಾಲಗಳ ಬೆನ್ನೆಲುಬಾಗಿದ್ದ, ಟಿಕ್ಯಾಮ್ ಆಧಾರದ ಚಾಸಿಸ್. ಹೆಸರು ಬೇಡ, ಅದರ ಕಾಲಕ್ಕೆ ಅದು ಒಳ್ಳೆಯದೇ. ಕೈಪಿಡಿಯಲ್ಲಿ "10 ಲಕ್ಷ ರೂಟ್" ಎಂದು ಬರೆದಿತ್ತು. ನಾನು ನಂಬಿದೆ. ಆ 10 ಲಕ್ಷ ಐಪಿವಿ4 ಮತ್ತು ಐಪಿವಿ6 ಎರಡೂ ಹಂಚಿಕೊಳ್ಳಬೇಕಾದ ಜಾಗ, ಐಪಿವಿ6ರ ಒಂದು ರೂಟ್ ಎರಡು ಸ್ಥಾನ ನುಂಗುತ್ತದೆ, ಪಾಲು ಬದಲಿಸಿದರೆ ರೀಬೂಟ್ ಆಗಬೇಕು. ಇದೆಲ್ಲ ಬೇರೆ ಪುಟದಲ್ಲಿತ್ತು.

ಟೇಬಲ್ ತುಂಬುತ್ತಾ ಬಂದಂತೆ ಲಾಗ್‌ನಲ್ಲಿ ಒಂದೇ ಒಂದು ಸಾಲು ಬಿತ್ತು: ಫಿಬ್ ತುಂಬಿದೆ, ಉಳಿದ ರೂಟ್‌ಗಳು ಸಾಫ್ಟ್‌ವೇರ್‌ನಲ್ಲಿ. ಅಷ್ಟೇ. ಕೆಂಪು ದೀಪ ಇಲ್ಲ, ಕೂಗಿಲ್ಲ. ಜಾಗ ಸಿಕ್ಕ ಪ್ರಿಫಿಕ್ಸ್‌ಗಳಿಗೆ ಹೋಗುವ ಪ್ಯಾಕೆಟ್ ಚೆನ್ನಾಗಿಯೇ ಓಡುತ್ತಿದ್ದವು. ಸಿಗದವಕ್ಕೆ ಹೋಗುವವು ಬಡ ಸಿಪಿಯು ಮೇಲೆ ಬಿದ್ದವು. ಹತ್ತು ಗುರಿಗಳಲ್ಲಿ ಏಳು ಸರಿ, ಮೂರು ತೆವಳುತ್ತಿವೆ. ಒಂದೇ ಗುರಿ ಇಟ್ಟುಕೊಂಡಿದ್ದರೆ "ಪಾಸ್" ಎಂದು ಬರೆದು ಎದ್ದುಹೋಗುತ್ತಿದ್ದೆವು.

ನಿಜವಾದ ತಮಾಷೆ ಟ್ರಾಫಿಕ್ ಏರಿಸಿದಾಗ. ಸಿಪಿಯು ಉಸಿರುಗಟ್ಟಿತು. ಬಿಜಿಪಿಯ ಕೀಪ್‌ಅಲೈವ್ (ಬದುಕಿದ್ದೇನೆ ಎನ್ನುವ ಸಂದೇಶ) ಕಳಿಸಲೂ ಅದೇ ಸಿಪಿಯು ಬೇಕು. ಆ ಸಂದೇಶಕ್ಕಾಗಿ ಕಾಯುವ ಹೋಲ್ಡ್ ಟೈಮ್ ಮುಗಿದು ಸೆಷನ್, ಅಂದರೆ ಅಪ್‌ಸ್ಟ್ರೀಮ್ ಜೊತೆಗಿನ ಬಿಜಿಪಿ ಸಂಪರ್ಕ, ಬಿತ್ತು. ಸೆಷನ್ ಬಿದ್ದೊಡನೆ ರೂಟ್‌ಗಳೆಲ್ಲ ಖಾಲಿ, ಸಿಪಿಯುಗೆ ಜೀವ ಬಂತು. ಜೀವ ಬಂದದ್ದೇ ಸೆಷನ್ ಮತ್ತೆ ಎದ್ದಿತು, ಟೇಬಲ್ ತುಂಬಿತು, ಮತ್ತೆ ಉಸಿರುಗಟ್ಟಿತು. ಈ ಉಯ್ಯಾಲೆಯನ್ನು ಅರ್ಧ ಗಂಟೆ ನೋಡಿ ಕೇಬಲ್ ಕೀಳುವ ಪರೀಕ್ಷೆಯನ್ನೇ ಕೈಬಿಟ್ಟೆ. ತಾನೇ ಬೀಳುವುದನ್ನು ನಾನೇಕೆ ತಳ್ಳಲಿ.

ಇದು ಹೊಸ ರೋಗವೇನಲ್ಲ. 2014ರ ಆಗಸ್ಟ್ 12ರಂದು ಐಪಿವಿ4 ಟೇಬಲ್ 5,12,000 ದಾಟಿದಾಗ ಜಗತ್ತಿನ ಎಷ್ಟೋ ಕಡೆ ಇದೇ ಆಯಿತು. ಆ ಕಾಲದ ಹಲವು ಪೆಟ್ಟಿಗೆಗಳಲ್ಲಿ ಐಪಿವಿ4ರ ಪಾಲಿಗೆ ಮೊದಲೇ ಕಟ್ಟಿಟ್ಟ ಗಡಿ ಅದರ ಆಸುಪಾಸಿನಲ್ಲೇ ಇತ್ತು. 2019ರಲ್ಲಿ 7,68,000ದ ಗಡಿ ಬಂದಾಗ ಜನ ಮುಂಚೆಯೇ ಎಚ್ಚರವಾಗಿದ್ದರು. ಇಂದು "10 ಲಕ್ಷ" ಎಂದು ಹಣೆಯ ಮೇಲೆ ಬರೆದುಕೊಂಡಿರುವ ಯಾವ ಪೆಟ್ಟಿಗೆಯನ್ನೂ ಪೂರ್ತಿ ಟೇಬಲ್‌ಗಾಗಿ ಮನೆಗೆ ತರಬೇಡಿ.

ಲಿನಕ್ಸ್ ಸರ್ವರ್

ಎರಡನೆಯದು ನನ್ನ ಮನಸ್ಸಿಗೆ ಹತ್ತಿರದ್ದು, ಹಾಗಾಗಿ ಇಲ್ಲಿ ಸ್ವಲ್ಪ ಪಕ್ಷಪಾತ ಇದ್ದರೆ ಕ್ಷಮಿಸಿ. ಸಾಧಾರಣ ಸರ್ವರ್, ಎರಡು ಪೋರ್ಟಿನ 10 ಗಿಗಾಬಿಟ್ ಕಾರ್ಡು, ಮೇಲೆ ಬರ್ಡ್ 2 ಎಂಬ ಬಿಜಿಪಿ ಸಾಫ್ಟ್‌ವೇರ್. ಪೂರ್ತಿ ಟೇಬಲ್ ನುಂಗುವ ವೇಗದಲ್ಲಿ ಇದನ್ನು ಮೀರಿಸಿದ್ದು ನನ್ನ ಮೇಜಿನ ಮೇಲೆ ಬೇರೆ ಇರಲಿಲ್ಲ. ಬರ್ಡ್ 2 ಒಂದೇ ಥ್ರೆಡ್‌ನಲ್ಲಿ ಓಡುತ್ತದೆ (ಹಲವು ಥ್ರೆಡ್‌ನ ಬರ್ಡ್ 3 ಹೊರಬಂದದ್ದು 2024ರ ಡಿಸೆಂಬರ್‌ನಲ್ಲಿ). ಆದರೂ ಇಂದಿನ ಒಂದು ಚುರುಕು ಕೋರ್ ಈ ಕೆಲಸಕ್ಕೆ ಧಾರಾಳ. ಮೆಮೊರಿಯ ಚಿಂತೆಯೇ ಇಲ್ಲ.

ಕೇಬಲ್ ಕಿತ್ತೆ. ಬರ್ಡ್‌ನ ಕಡೆ ಕೇಳಿದರೆ ಮೊದಲ ಅಪ್‌ಸ್ಟ್ರೀಮ್‌ನ ರೂಟ್‌ಗಳು ಆಗಲೇ ಮಾಯ.

"ಸರ್, ಟೇಬಲ್‌ನಲ್ಲಿ ಹೋಗಿದೆ. ಪ್ಯಾಕೆಟ್ ಯಾಕೆ ಇನ್ನೂ ಕಳೀತಿದೆ?" ಅಂದ ಹುಡುಗ.

"ಯಾವ ಟೇಬಲ್‌ನಲ್ಲಿ?"

ಒಂದು ಕ್ಷಣ ಸುಮ್ಮನಿದ್ದು, ಪ್ಯಾಕೆಟ್ ದಾಟಿಸುವ ಲಿನಕ್ಸ್‌ನ ತಿರುಳಾದ ಕರ್ನಲ್‌ನ ರೂಟ್ ನೋಡುವ ಆಜ್ಞೆ ಕೊಟ್ಟ. ಅಲ್ಲಿ ಹಳೆಯ ದಾರಿಯೇ ಕೂತಿತ್ತು, ಪಕ್ಕದಲ್ಲಿ "ಲಿಂಕ್‌ಡೌನ್" ಎಂಬ ಗುರುತಿನೊಂದಿಗೆ. ಲಿಂಕ್ ಸತ್ತಿದೆ ಎಂದು ಕರ್ನಲ್‌ಗೆ ಗೊತ್ತು, ಆದರೂ ಅದು ರೂಟ್ ಅಳಿಸುವುದಿಲ್ಲ; ಸತ್ತ ಲಿಂಕ್‌ನ ರೂಟ್‌ಗಳನ್ನು ಕಡೆಗಣಿಸು ಎಂದು ಪ್ರತ್ಯೇಕವಾಗಿ ಸೆಟ್ಟಿಂಗ್ ಹಾಕಬೇಕು. ಅಷ್ಟರಲ್ಲಿ ಬರ್ಡ್ ನೆಟ್‌ಲಿಂಕ್ (ಕರ್ನಲ್ ಜೊತೆ ಮಾತಾಡುವ ದಾರಿ) ಮೂಲಕ ಒಂದೊಂದೇ ಪ್ರಿಫಿಕ್ಸ್ ತಿದ್ದುತ್ತಾ ಬರುತ್ತಿತ್ತು. ಹತ್ತು ಗುರಿಗಳ ಗ್ರಾಫ್ ನೋಡಲು ಚೆಂದ: ಮೊದಲನೆಯದು ಬೇಗ ಎದ್ದಿತು, ಆಮೇಲೆ ಇನ್ನೊಂದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ, ಕೊನೆಯದು ಕೆಲವು ಸೆಕೆಂಡ್ ಕಳೆದ ಮೇಲೆ. 10 ಲಕ್ಷ ಚೀಟಿಗಳನ್ನು ಕೈಯಲ್ಲಿ ತಿದ್ದಿದ ಹಾಗೆ. ಎಲ್ಲ ರೂಟ್‌ಗಳೂ ಒಂದೇ ನೆಕ್ಸ್ಟ್‌ಹಾಪ್ (ಪ್ಯಾಕೆಟ್‌ನ ಮುಂದಿನ ನಿಲ್ದಾಣ) ವಸ್ತುವನ್ನು ಬೆರಳು ಮಾಡಿ ತೋರಿಸುವ ಸೌಲಭ್ಯ ಲಿನಕ್ಸ್ 5.3ರಿಂದ ಇದೆ. ಎಫ್‌ಆರ್‌ಆರ್ ಎಂಬ ಇನ್ನೊಂದು ಬಿಜಿಪಿ ಸಾಫ್ಟ್‌ವೇರ್ ಅದನ್ನು ಬಳಸುತ್ತದೆ, ಬರ್ಡ್ 2 ಬಳಸುವುದಿಲ್ಲ.

ಇನ್ನೊಂದು ಗುಂಡಿ ನಾನೇ ತೋಡಿಕೊಂಡದ್ದು. ಎರಡನೇ ದಿನ ಕೆಲವು ಗುರಿಗಳಿಂದ ಉತ್ತರವೇ ಬರುತ್ತಿಲ್ಲ. ರೂಟ್ ಸರಿ, ಫೈರ್‌ವಾಲ್ ಖಾಲಿ. ಪ್ಯಾಕೆಟ್ ಇಣುಕಿ ನೋಡುವ ಟಿಸಿಪಿಡಂಪ್‌ನಲ್ಲಿ ಉತ್ತರದ ಪ್ಯಾಕೆಟ್ ಒಳಬರುವುದು ಕಾಣುತ್ತದೆ, ಮುಂದೆ ಹೋಗುವುದು ಕಾಣುವುದಿಲ್ಲ. ಎರಡು ಗಂಟೆ ಹುಡುಕಿದ ಮೇಲೆ ಸಿಕ್ಕಿದ್ದು ಆರ್‌ಪಿ ಫಿಲ್ಟರ್. ಬಂದ ದಾರಿಯಲ್ಲೇ ಮರಳಿ ಹೋಗುವ ರೂಟ್ ಇರಬೇಕು ಎಂದು ಅದು ಹಟ ಹಿಡಿಯುತ್ತದೆ. ಎರಡು ಅಪ್‌ಸ್ಟ್ರೀಮ್ ಇರುವಲ್ಲಿ ಹೋಗುವುದು ಒಂದರಿಂದ, ಬರುವುದು ಇನ್ನೊಂದರಿಂದ. ಅದು ದಿನನಿತ್ಯದ ಸಂಗತಿ. ಇಂಟರ್‌ಫೇಸ್‌ನಲ್ಲಿ ಸೊನ್ನೆ ಮಾಡಿದ್ದೆ, ಆದರೆ "ಆಲ್" ಎಂಬಲ್ಲಿ 1 ಎಂದೇ ಉಳಿದಿತ್ತು. ಎರಡರಲ್ಲಿ ದೊಡ್ಡದು ಯಾವುದೋ ಅದೇ ನಡೆಯುತ್ತದೆ.

ಸಿಪಿಯು ಮೇಲೆ ನಿಂತ ಯಾವ ರೂಟರ್‌ಗೂ ಗಿಗಾಬಿಟ್ ಲೆಕ್ಕ ಕೇಳಬಾರದು, ಪ್ಯಾಕೆಟ್ ಲೆಕ್ಕ ಕೇಳಬೇಕು. 10 ಗಿಗಾಬಿಟ್ ಲಿಂಕ್‌ನಲ್ಲಿ ದೊಡ್ಡ ಪ್ಯಾಕೆಟ್‌ಗಳೇ ಇದ್ದರೆ ಸೆಕೆಂಡಿಗೆ 8 ಲಕ್ಷ ಚಿಲ್ಲರೆ. ಅದೇ ಲಿಂಕ್‌ನಲ್ಲಿ 64 ಬೈಟ್‌ನವು ತುಂಬಿದರೆ 1 ಕೋಟಿ 48 ಲಕ್ಷ. ದಾಳಿ ಬಂದ ದಿನ ಬರುವುದು ಈ ಎರಡನೆಯ ಬಗೆ. ಮಾಮೂಲಿ ಕರ್ನಲ್ ದಾರಿಯಲ್ಲಿ ಅದು ಆಗದ ಮಾತು ಅಂದುಕೊಂಡು, ಕರ್ನಲ್ ಬಿಟ್ಟು ತಾನೇ ಪ್ಯಾಕೆಟ್ ದಾಟಿಸುವ ವಿಪಿಪಿ ಎಂಬ ಸಾಫ್ಟ್‌ವೇರ್ ಹಾಕಿ ನೋಡಿದೆ. ಅದೇ ಕಬ್ಬಿಣ, ಬೇರೆ ಜನ್ಮ! ಸಣ್ಣ ಪ್ಯಾಕೆಟ್‌ಗಳನ್ನು ಬೆವರದೆ ದಾಟಿಸಿತು. ಆದರೆ ಅದರ ಮುಖ್ಯ ಹೀಪ್ (ಅದಕ್ಕೆಂದು ಎತ್ತಿಟ್ಟ ಮೆಮೊರಿ) ಹಿಗ್ಗಿಸಬೇಕು, ನೆಟ್‌ಲಿಂಕ್ ಬಫರ್ ಹಿಗ್ಗಿಸಬೇಕು. ಎರಡನೆಯದನ್ನು ಮರೆತ ನನಗೆ ಕರ್ನಲ್‌ನಲ್ಲಿ ಇದ್ದ ರೂಟ್‌ಗಳಲ್ಲಿ ಕೆಲವು ವಿಪಿಪಿಯಲ್ಲಿ ಸದ್ದಿಲ್ಲದೆ ಕಾಣೆಯಾಗಿದ್ದವು. ಇನ್ನೊಂದು: ಅದರ ಕೋರ್‌ಗಳು ಸದಾ 100 ಶೇಕಡಾ ತೋರಿಸುತ್ತವೆ, ಪ್ಯಾಕೆಟ್ ಇರಲಿ ಬಿಡಲಿ. ಮೊದಲ ರಾತ್ರಿ ಮಾನಿಟರಿಂಗ್ ನನ್ನನ್ನು ಮೂರು ಸಲ ಎಬ್ಬಿಸಿತು.

ಮೈಕ್ರೋಟಿಕ್ ಸಿಸಿಆರ್2116

16 ಕೋರ್‌ಗಳ ಆರ್ಮ್ ಸಿಪಿಯು, 16 ಜಿಬಿ ಮೆಮೊರಿ, ನಾಲ್ಕು 10 ಗಿಗಾಬಿಟ್ ಪೋರ್ಟ್. ಗಾತ್ರಕ್ಕೆ ಹೋಲಿಸಿದರೆ ಆಶ್ಚರ್ಯದ ಪೆಟ್ಟಿಗೆ. ಮೈಕ್ರೋಟಿಕ್ ಬಗ್ಗೆ ಬಿಜಿಪಿ ಮಂದಿಯಲ್ಲಿ ಹಳೆಯ ಅನುಮಾನವೊಂದಿದೆ, ಅದಕ್ಕೆ ಕಾರಣವೂ ಇತ್ತು: ಅವರ ಸಾಫ್ಟ್‌ವೇರ್ ರೂಟರ್‌ಓಎಸ್ 6ರಲ್ಲಿ ರೂಟಿಂಗ್ ಕೆಲಸವೆಲ್ಲ ಒಂದೇ ಕೋರ್ ಮೇಲೆ. 36 ಕೋರ್ ಇದ್ದ ಪೆಟ್ಟಿಗೆಯಲ್ಲೂ 35 ಕೈಕಟ್ಟಿ ಕೂರುತ್ತಿದ್ದವು. 7ನೇ ಆವೃತ್ತಿಯಲ್ಲಿ ಅದನ್ನು ಬೇರಿನಿಂದ ಬರೆದಿದ್ದಾರೆ, ಒಂದೊಂದು ಪೀರ್‌ಗೆ (ಎದುರಿನ ಬಿಜಿಪಿ ರೂಟರ್) ಬೇರೆ ಪ್ರೊಸೆಸ್ ಕೊಡಬಹುದು. ಹಳೆಯ ಅನುಭವ ಇಟ್ಟುಕೊಂಡು ಇದನ್ನು ತಳ್ಳಿಹಾಕುವುದು ಅನ್ಯಾಯ.

ಟೇಬಲ್ ತುಂಬುವುದು ಸಲೀಸಾಗಿ ಆಯಿತು. ಕೇಬಲ್ ಕಿತ್ತಾಗ ಲಿನಕ್ಸ್‌ನಲ್ಲಿ ಕಂಡ ಅದೇ ಮೆಟ್ಟಿಲು ಇಲ್ಲೂ ಕಂಡಿತು, ಇನ್ನಷ್ಟು ನಿಧಾನದ ಮೆಟ್ಟಿಲು. ಒಳಗಿರುವುದೂ ಲಿನಕ್ಸ್ ಕರ್ನಲ್ಲೇ, ಒಂದೊಂದು ಕೋರ್‌ನ ಬಲ ಸರ್ವರ್‌ಗಿಂತ ಕಡಿಮೆ; ಬೇರೇನು ನಿರೀಕ್ಷಿಸಲು ಸಾಧ್ಯ? ಇದರಲ್ಲಿ ಹಾರ್ಡ್‌ವೇರ್ ಆಫ್‌ಲೋಡ್ (ಸಿಪಿಯು ಬದಲು ಸ್ವಿಚ್ ಚಿಪ್ಪೇ ಪ್ಯಾಕೆಟ್ ದಾಟಿಸುವುದು) ಕೂಡ ಇದೆ, ಆದರೆ ಆ ಚಿಪ್‌ಗೆ ಹಿಡಿಸುವುದು ಒಂದು ಲಕ್ಷದ ಆಸುಪಾಸಿನ ರೂಟ್. ಮಿಕ್ಕವು ಸಿಪಿಯು ಪಾಲಿಗೆ. ಪೂರ್ತಿ ಟೇಬಲ್ ಇಡುವವರು ಆಫ್‌ಲೋಡ್‌ನ ಅಂಕಿಗಳನ್ನು ನೋಡಿ ಮರುಳಾಗಬೇಡಿ. ಡಿಫಾಲ್ಟ್ ರೂಟ್ (ಬೇರೆ ರೂಟ್ ಇಲ್ಲದವಕ್ಕೆಲ್ಲ ಒಂದೇ ದಾರಿ) ಜೊತೆ ಆಯ್ದ ಕೆಲವು ಸಾವಿರ ಪ್ರಿಫಿಕ್ಸ್ ಇಡುವವರಿಗೆ ಮಾತ್ರ ಅವು ದಕ್ಕುತ್ತವೆ. ಅಂಥ ಜಾಲಕ್ಕೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ಜುನಿಪರ್ ಎಂಎಕ್ಸ್204

ಇದು ಬೇರೆ ಜಾತಿ. ಒಂದು ಯೂನಿಟ್ ಎತ್ತರದ ಪೆಟ್ಟಿಗೆಯಲ್ಲಿ ಪ್ಯಾಕೆಟ್ ದಾಟಿಸುವ ಟ್ರಿಯೋ ಚಿಪ್, 400 ಗಿಗಾಬಿಟ್. ಕೇಬಲ್ ಕಿತ್ತಾಗ ನಾವಿಬ್ಬರೂ ಗ್ರಾಫ್ ನೋಡಿ ಮುಖ ಮುಖ ನೋಡಿಕೊಂಡೆವು. ಮೆಟ್ಟಿಲೇ ಇಲ್ಲ. ಹತ್ತು ಗೆರೆಗಳೂ ಒಟ್ಟಿಗೆ ಬಿದ್ದು ಒಟ್ಟಿಗೆ ಎದ್ದವು, ಕಣ್ಣು ಮಿಟುಕಿಸುವಷ್ಟರಲ್ಲಿ. ಇದಕ್ಕೆ ಕಾರಣ ಮಾಂತ್ರಿಕ ವೇಗವಲ್ಲ, ಜೋಡಣೆಯ ರೀತಿ. ಪ್ರಿಫಿಕ್ಸ್ ನೇರವಾಗಿ ಪೋರ್ಟ್ ಕಡೆ ಬೆರಳು ಮಾಡುವುದಿಲ್ಲ. ನಡುವೆ ಒಂದು ಪಟ್ಟಿ ಇದೆ, ಅದರಲ್ಲಿ ಮೊದಲ ದಾರಿ ಇದು, ಅದು ಸತ್ತರೆ ಇದು ಎಂದು ಎರಡೂ ಮೊದಲೇ ಬರೆದಿರುತ್ತದೆ. ದಾರಿ ಸತ್ತಾಗ ತಿದ್ದಬೇಕಾದ್ದು ಆ ಒಂದು ಸಾಲು. 10 ಲಕ್ಷ ಪ್ರಿಫಿಕ್ಸ್ ಇರಲಿ 10 ಇರಲಿ, ಹಿಡಿಯುವ ಹೊತ್ತು ಒಂದೇ. ಗಮನಿಸಿ, ಈ ಸೌಲಭ್ಯವನ್ನು ನಾವೇ ಕಾನ್ಫಿಗ್‌ನಲ್ಲಿ ಹಚ್ಚಬೇಕು. ಹಚ್ಚದೆ ಮೊದಲ ಸಲ ಓಡಿಸಿದಾಗ ಇಲ್ಲೂ ಮೆಟ್ಟಿಲೇ ಇತ್ತು.

ಕೊಳ್ಳುವ ಮುಂಚೆ ಪೋರ್ಟ್ ಲೆಕ್ಕ ಒಂದು ಸಲ ಕಾಗದದ ಮೇಲೆ ಹಾಕಿ. ನಾಲ್ಕು 100 ಗಿಗಾಬಿಟ್, ಎಂಟು 10 ಗಿಗಾಬಿಟ್ ಪೋರ್ಟ್ ಮುಂಭಾಗದಲ್ಲಿ ಕಾಣುತ್ತವೆ. ಕೂಡಿಸಿದರೆ 480, ಚಿಪ್‌ನ ಶಕ್ತಿ 400. ಎಲ್ಲವನ್ನೂ ಒಟ್ಟಿಗೆ ಬಳಸಲು ಬರುವುದಿಲ್ಲ. ನಮಗೆ ಅದು ಅಡ್ಡಿಯಾಗಲಿಲ್ಲ.

ಮೇಜಿಗೆ ಬಾರದೆ ಕಾಗದದಲ್ಲೇ ಉಳಿದ ಎರಡು ಹೆಸರು ಹೇಳಿಬಿಡುತ್ತೇನೆ. ಸಿಸ್ಕೋ ಎಎಸ್‌ಆರ್ 1001-ಎಕ್ಸ್: 8 ಜಿಬಿ ಮೆಮೊರಿಯಲ್ಲಿ ಅದು ಹಿಡಿಯುವುದು 10 ಲಕ್ಷ ಐಪಿವಿ4 ರೂಟ್, 16 ಜಿಬಿ ಹಾಕಿದರೆ 35 ಲಕ್ಷ. ಹಳೆಯದನ್ನು ಕೊಳ್ಳುವವರು ಮಾದರಿ ಹೆಸರು ಮಾತ್ರ ಕೇಳಿ ಮೆಮೊರಿ ಕೇಳದೆ ಬಂದರೆ ಕೆಟ್ಟರು. ವೇಗವೂ 2.5 ಗಿಗಾಬಿಟ್‌ನಿಂದ 20ರವರೆಗೆ ಲೈಸೆನ್ಸ್ ಮೇಲೆ. ಇನ್ನೊಂದು ಅರಿಸ್ಟಾದ 7280ಆರ್ ಸಾಲು: ರೂಟ್‌ಗಳು ಬಹುಪಾಲು /24ರಂಥ ಕೆಲವೇ ಉದ್ದಗಳಲ್ಲಿ ಗುಂಪಾಗಿರುವುದನ್ನು ಬಳಸಿಕೊಂಡು, ಸ್ವಿಚ್ ಚಿಪ್‌ನೊಳಗೇ ಪೂರ್ತಿ ಟೇಬಲ್ ಮಡಚಿಡುವ ಜಾಣತನ ಅದರದ್ದು. ಪೋರ್ಟ್ ಬಹಳ ಬೇಕಾದವರು ಅದನ್ನೂ ನೋಡಬೇಕು.

ಕೇಬಲ್ ಕೀಳುವುದರ ಜೊತೆ ನಾನು ಎಲ್ಲದರಲ್ಲೂ ಮಾಡಿ ನೋಡಿದ ಇನ್ನೊಂದು ಕೆಲಸ, ಬೇಕೆಂದೇ ತಪ್ಪು ಕಾನ್ಫಿಗ್ ಹಾಕಿ ನನ್ನ ಕಾಲಿನ ಕೆಳಗಿನ ಕೊಂಬೆಯನ್ನೇ ಕಡಿಯುವುದು. ದೂರದಲ್ಲಿರುವ ರೂಟರ್‌ಗೆ ನೀವೇ ಹೋಗಲಾಗದಂತಾದರೆ ಅದು ತಾನಾಗಿ ಹಿಂದಕ್ಕೆ ಸರಿಯಬೇಕು. ಎಂಎಕ್ಸ್‌ನ "ಕಮಿಟ್ ಕನ್ಫರ್ಮ್ಡ್" ಇದಕ್ಕೆ ಹೆಸರುವಾಸಿ: 10 ನಿಮಿಷದಲ್ಲಿ ಹೂಂ ಅನ್ನದಿದ್ದರೆ ಹಳೆಯದಕ್ಕೆ ಮರಳುತ್ತದೆ. ಬರ್ಡ್‌ನಲ್ಲಿ "ಕಾನ್ಫಿಗರ್ ಟೈಮ್‌ಔಟ್" ಇದೆ, 300 ಸೆಕೆಂಡ್. ಬಹಳ ಜನಕ್ಕೆ ಗೊತ್ತೇ ಇಲ್ಲ. ಆದರೆ ಅದು ಬರ್ಡ್‌ನ ಕಾನ್ಫಿಗ್ ಮಾತ್ರ ಉಳಿಸುತ್ತದೆ, ಇಂಟರ್‌ಫೇಸ್‌ನಲ್ಲಿ ನೀವು ಮಾಡಿದ ಎಡವಟ್ಟನ್ನಲ್ಲ. ರೂಟರ್‌ಓಎಸ್‌ನಲ್ಲಿ ಸೇಫ್ ಮೋಡ್: ಸಂಪರ್ಕ ಕಡಿದರೆ ಮಾಡಿದ್ದೆಲ್ಲ ವಾಪಸ್. ಹಳೆಯ ಪೆಟ್ಟಿಗೆಯಲ್ಲಿ ಇದ್ದದ್ದು "ಹತ್ತು ನಿಮಿಷದಲ್ಲಿ ರೀಬೂಟ್ ಆಗು" ಎಂದು ಮೊದಲೇ ಹೇಳಿಟ್ಟು ಕೆಲಸ ಶುರುಮಾಡುವ ಅಜ್ಜನ ಕಾಲದ ಉಪಾಯ. ಅದರ ರೀಬೂಟ್‌ಗೇ ಹತ್ತು ನಿಮಿಷ ಬೇಕಿತ್ತು ಅನ್ನುವುದು ಬೇರೆ ಮಾತು.

ಆರ್‌ಪಿಕೆಐ ಪರಿಶೀಲನೆ (ಪ್ರಿಫಿಕ್ಸ್ ಸಾರುವ ಹಕ್ಕು ಆ ಜಾಲಕ್ಕಿದೆಯೇ ಎಂದು ನೋಡುವುದು) ಹಳೆಯದೊಂದನ್ನು ಬಿಟ್ಟು ಮೂರರಲ್ಲೂ ನಡೆಯಿತು, ಹೆಚ್ಚು ಬರೆಯುವುದೇನಿಲ್ಲ.

ಕೊನೆಗೆ ನಾವು ಕೊಂಡದ್ದು ಎರಡು ಬೇರೆ ಬಗೆಯವನ್ನು. ಮುಖ್ಯ ದಾರಿಗೆ ಎಂಎಕ್ಸ್204, ಪಕ್ಕದಲ್ಲಿ ಬರ್ಡ್ ಓಡುವ ಸರ್ವರ್, ಒಂದೊಂದಕ್ಕೆ ಒಂದೊಂದು ಅಪ್‌ಸ್ಟ್ರೀಮ್. ಎರಡೂ ಒಂದೇ ಮಾದರಿ ಆಗಿದ್ದರೆ ನಿರ್ವಹಣೆ ಸುಲಭ ಎಂದು ವಾದಿಸಿದವರಿದ್ದರು. ಆದರೆ ವಿಚಿತ್ರ ಬಿಜಿಪಿ ಸಂದೇಶವೊಂದು ಒಂದು ಸಾಫ್ಟ್‌ವೇರನ್ನು ಬೀಳಿಸಿದರೆ ಅದರ ಅವಳಿಯನ್ನೂ ಅದೇ ಕ್ಷಣ ಬೀಳಿಸುತ್ತದೆ, ನನ್ನ ಭಯ ಅದು. ಹಳೆಯ ದೊಡ್ಡ ಪೆಟ್ಟಿಗೆಯನ್ನೂ ಎಸೆದಿಲ್ಲ. /24ಗಳನ್ನೆಲ್ಲ ಸೋಸಿ, ಡಿಫಾಲ್ಟ್ ರೂಟ್ ಒಂದನ್ನು ಅಡಿಗೆ ಇಟ್ಟರೆ ಟೇಬಲ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಒಳಜಾಲದಲ್ಲಿ ಅದು ಈಗಲೂ ದುಡಿಯುತ್ತಿದೆ.

ಹೊಸ ಜೋಡಣೆ ನಡೆಗೆ ಬಂದ ತಿಂಗಳಲ್ಲೇ ಒಂದು ಅಪ್‌ಸ್ಟ್ರೀಮ್ ನಿಜವಾಗಿ ಸತ್ತಿತು. ಸತ್ತದ್ದು ಅವರ ರೂಟರ್. ನಡುವಿನ ಸ್ವಿಚ್ ಜೀವಂತವಿತ್ತು. ನಮ್ಮ ಕಡೆಯ ಲಿಂಕ್ ದೀಪ ಹಸಿರಾಗಿಯೇ ಉರಿಯುತ್ತಿತ್ತು. ಇಂಥದ್ದಕ್ಕೆಂದೇ ಬಿಎಫ್‌ಡಿ (ಎದುರಿನ ರೂಟರ್ ಬದುಕಿದೆಯೇ ಎಂದು ಪದೇಪದೇ ವಿಚಾರಿಸುವ ವ್ಯವಸ್ಥೆ) ಇರುವುದು, ನಾವು ಕೇಳಿಯೂ ಇದ್ದೆವು, ಅವರು ಕೊಡುವುದಿಲ್ಲ ಎಂದಿದ್ದರು. ಮೇಜಿನ ಮೇಲೆ ಮಿಲಿಸೆಕೆಂಡ್ ಎಣಿಸಿದ ನಾವು ಹೋಲ್ಡ್ ಟೈಮ್‌ನ 90 ಸೆಕೆಂಡ್ ಮುಗಿಯುವುದನ್ನು ನೋಡುತ್ತಾ ಕೂತೆವು. ಹೋಲ್ಡ್ ಟೈಮ್‌ನಲ್ಲಿ ಎರಡು ಕಡೆಯವರು ಹೇಳಿದ್ದರಲ್ಲಿ ಕಡಿಮೆ ಯಾವುದೋ ಅದೇ ನಡೆಯುತ್ತದೆ, ಅದಕ್ಕೆ ಅವರ ಒಪ್ಪಿಗೆ ಬೇಡ. ಮರುದಿನ ಬೆಳಿಗ್ಗೆ ನಮ್ಮ ಕಡೆ 30ಕ್ಕೆ ಇಳಿಸಿ ಸೆಷನ್ ಹೊಸದಾಗಿ ಎಬ್ಬಿಸಿದೆವು.